ಮೆಲ್ಲಯ್ಯನ ಮಹಜರು

ನಮ್ಮಜ್ಜಿ ವೀರಮ್ಮ ಹೇಳುವ ಕತೆಗಳಲ್ಲಿ ಮುಗಿಯದ ಕತೆ ಒಂದೇ. ಕಾಡಿನ ಮೃಗಗಳೆಲ್ಲ ಒಂದು ಸಲ ಮಾದಪ್ಪನ ಬೆಟ್ಟಕ್ಕೆ ಹೊರಟವಂತೆ. ಹುಲಿ ಒಂದು ದಿನಕ್ಕೆ ಹೋಯಿತು, ಆನೆ ಎರಡು ದಿನಕ್ಕೆ ಹೋಯಿತು, ಮೊಲ ದಾರಿಯಲ್ಲಿ ಹುರುಳಿ ಹೊಲ ಕಂಡು ಅಲ್ಲೇ ಸಂಸಾರ ಹೂಡಿತು. ಆಮೆ ಮಾತ್ರ ಇನ್ನೂ ಹೋಗುತ್ತಲೇ ಇದೆಯಂತೆ. "ಯಾವಾಗ ತಲುಪ್ತದಜ್ಜಿ?" ಎಂದರೆ, "ತಲುಪುದ್ರೆ ಕತೆ ಮುಗುದೋಯ್ತದಲ್ಲ ಮಗ, ಮನಿಕ" ಎನ್ನುತ್ತಿದ್ದಳು. ನನಗೀಗ ಇಪ್ಪತ್ತಮೂರು. ಈಗಲೂ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ, ಆ ಆಮೆ ಎಲ್ಲಿಗೆ ಬಂದಿರಬಹುದು ಎಂದು ನೋಡುತ್ತೇನೆ. ಬೆಟ್ಟದ ಬುಡದ ತಾಳಬೆಟ್ಟವನ್ನೂ ದಾಟಿರಲಾರದು.

ಆದ್ದರಿಂದ ನಮ್ಮ ಮನೆ ಮುಂದೆ ಫಾರೆಸ್ಟಿನವರ ಜೀಪು ನಿಂತು, "ಆಮೆ ಎಲ್ರೀ?" ಎಂದು ಕೇಳಿದ ದಿನ, ಇಡೀ ಲೊಕ್ಕನಹಳ್ಳಿಯಲ್ಲಿ ಬೆಚ್ಚಿಬೀಳದವರು ಇಬ್ಬರೇ. ಅಜ್ಜಿ ಮತ್ತು ನಾನು.

ಆಮೆ ನಮ್ಮ ಚಿಕ್ಕಪ್ಪ ಷಡಕ್ಷರಿಯದು. ಚಿಕ್ಕಪ್ಪ ಊರ ಹಾಲಿನ ಡೈರಿಯಲ್ಲಿ ಹಾಲು ಅಳೆಯುವವನು. ಅವನು ಕ್ಯಾನಿನೊಳಗೆ ಸೌಟು ಇಳಿಸುವುದು ಬಾವಿಗೆ ಕೊಡ ಇಳಿಸಿದಂತೆ; ಫ್ಯಾಟು ನೋಡುವುದು ಜಾತಕ ನೋಡಿದಂತೆ. ಬೆಳಿಗ್ಗೆ ಆರಕ್ಕೆ ಸಾಲು ನಿಂತವರು, "ಬೇಗ ಅಳೀಲಾ, ನಮ್ಮ ಹಸ ಇನ್ನೊಂದು ಕರ ಆಕ್ಬುಡ್ತದೆ" ಎಂದು ಕೂಗುವರು. ಸಾಲಿನ ಮುಂದೆ ಯಾವಾಗಲೂ ಪಕ್ಕದ ಮನೆ ಮಹಾಲಕ್ಷ್ಮಮ್ಮ. "ನಂದು ಇಲ್ಲೇ ಮೊಸರಾಯ್ತದೆ ಕನಪ್ಪ. ಬೆಣ್ಣೆ ತಗುದು ಕೊಟ್ಬುಡ್ತೀನಿ, ಅದ್ನೇ ತೂಗು" ಎನ್ನುವಳು. ಚಿಕ್ಕಪ್ಪ ತಲೆ ಎತ್ತುತ್ತಿರಲಿಲ್ಲ. ಬಿದ್ದ ಮಾತನ್ನೆಲ್ಲ ಬೆನ್ನ ಮೇಲೆ ಹಾಕಿಕೊಂಡು ಮುಂದಿನ ಸೌಟು ಎತ್ತುತ್ತಿದ್ದ.

ಈ ಮಹಾನುಭಾವನಿಗೆ ಒಂದೇ ಚಟ. ಮೊಬೈಲಿನಲ್ಲಿ ಮೃಗಕಾಳಗದ ಆಟ. ಫೋನು ಹಿಡಿದು ಊರೂರು ಅಲೆದು ಮಾಯದ ಮೃಗಗಳನ್ನು ಹಿಡಿಯಬೇಕು, ಸಾಕಬೇಕು, ಯಾವುದೋ ಊರಿನ ಯಾರದೋ ಮೃಗದ ಮೇಲೆ ಕಾದಾಟಕ್ಕೆ ಬಿಡಬೇಕು. ಲೋಕದವರೆಲ್ಲ ಅದರಲ್ಲಿ ಚಿರತೆ, ಗಿಡುಗ, ಬೆಂಕಿ ಉಗುಳುವ ನರಿ ಇಂಥವನ್ನೇ ಸಾಕುತ್ತಾರೆ. ವೇಗ ಹೆಚ್ಚಿದ್ದವನು ಮೊದಲು ಹೊಡೆಯುತ್ತಾನೆ, ಮೊದಲು ಹೊಡೆದವನು ಸಾಮಾನ್ಯವಾಗಿ ಗೆಲ್ಲುತ್ತಾನೆ. ಚಿಕ್ಕಪ್ಪನದು ಮಾತ್ರ ಕಲ್ಲುಚಿಪ್ಪಿನ ಆಮೆ. ಬೆನ್ನ ಮೇಲೆ ಪಾಚಿ, ಪಾಚಿಯ ಮೇಲೆ ಒಂದು ಪುಟ್ಟ ಗಿಡ. ವೇಗ ನೂರಕ್ಕೆ ನಾಲ್ಕು. ಹೆಸರು ಮೆಲ್ಲಯ್ಯ.

ಮೆಲ್ಲಯ್ಯನ ಯುದ್ಧನೀತಿ ಸರಳ. ಎದುರಿನವನು ಹೊಡೆಯುವನು, ಮೆಲ್ಲಯ್ಯ ತಲೆ ಒಳಗೆಳೆದುಕೊಳ್ಳುವನು. ಇನ್ನೊಮ್ಮೆ ಹೊಡೆಯುವನು; ಮೆಲ್ಲಯ್ಯನ ಪಾಚಿ ಸ್ವಲ್ಪ ಚಿಗುರುವುದು, ಗಾಯ ಸ್ವಲ್ಪ ಮಾಯುವುದು. ಹೊಡೆದವನ ಪಂಜಕ್ಕೇ ಕಲ್ಲು ತಾಗಿ ನೋವಾಗುವುದು. ಹೀಗೆ ಮುಕ್ಕಾಲು ಗಂಟೆ ಆದ ಮೇಲೆ ಎದುರಿನವನು ಬೇಜಾರಾಗಿ ಊಟಕ್ಕೆ ಎದ್ದುಹೋಗುತ್ತಿದ್ದ. ಆಟ ಬಿಟ್ಟು ಎದ್ದವನು ಸೋತಂತೆ. ಮೆಲ್ಲಯ್ಯ ಹೀಗೆ ನಾನೂರು ಜನರನ್ನು ಊಟಕ್ಕೆ ಎಬ್ಬಿಸಿದ್ದ.

ಅದನ್ನು ಹಿಡಿದದ್ದು ಚಿಕ್ಕಪ್ಪನಲ್ಲ, ಶಿವರತ್ನಮ್ಮ ಚಿಕ್ಕಮ್ಮ. ಮೂರು ವರ್ಷದ ಹಿಂದೆ ಒಡೆಯರಪಾಳ್ಯದ ಟಿಬೆಟ್‌ನವರ ಹತ್ತಿರ ಸ್ವೆಟರು ತರಲು ಹೋದಾಗ ದಾರಿ ಪಕ್ಕ ಸಿಕ್ಕಿತು. "ನಿಮ್ಮಂಗೇ ಅದೆ ಕಣ್ರೀ, ಇದ್ನೇ ಮಡಿಕಳಿ" ಎಂದು ಹೆಸರಿಟ್ಟವಳೂ ಅವಳೇ. ಮಕ್ಕಳಿಲ್ಲದ ಇಬ್ಬರೂ ಒಂದೇ ಫೋನಿನಲ್ಲಿ, ಒಬ್ಬರ ಭುಜಕ್ಕೆ ಒಬ್ಬರು ಆತುಕೊಂಡು ಆಡುವರು. ಮುಂದಿನ ವರ್ಷ ಅವಳಿಗೆ ಜ್ವರ ಬಂತು. ಚಿಕ್ಕಪ್ಪ ಜೀವಮಾನದಲ್ಲಿ ಓಡಿದ್ದು ಅದೊಂದೇ ದಿನ, ಕಾರು ಕೇಳಲು. ಕಾರು ಬಂತು. ಚಿಕ್ಕಮ್ಮ ಹೋಗಿಬಿಟ್ಟಿದ್ದಳು. ನಮ್ಮ ಹೊಲದ ಹುಣಸೆಮರದ ಕೆಳಗೆ ಅವಳನ್ನು ಮಣ್ಣು ಮಾಡಿದ ಗದ್ದುಗೆ ಇದೆ. ಅಂದಿನಿಂದ ಚಿಕ್ಕಪ್ಪ ಮತ್ತೆ ಓಡಿಲ್ಲ.

ಇಷ್ಟರಲ್ಲಿ ಯಳಂದೂರಿನ ನಮ್ಮ ಅತ್ತೆಯ ಗಂಡ ಪ್ರಭುಸ್ವಾಮಿ ಮಾವನ ಹೊಸ ಮನೆಯ ಗೃಹಪ್ರವೇಶ ಬಂತು. ಮಾವ ಪಂಕ್ತಿಯ ನಡುವೆ ಓಡಾಡುತ್ತ ಪಾಯಸದ ಜೊತೆ ಮನೆಯನ್ನೂ ಬಡಿಸುತ್ತಿದ್ದರು. "ಆ ಬಾಗ್ಲು ನೋಡು, ಒಂದೇ ಹಲಗೆ. ಆ ಕಲ್ಲು ನೋಡು, ಮಕ ಕಾಣ್ತದೆ." ಚಿಕ್ಕಪ್ಪನ ಎಲೆಯ ಮುಂದೆ ನಿಂತು, ಇಡೀ ಪಂಕ್ತಿಗೆ ಕೇಳುವಂತೆ, "ಯಾನಪ್ಪ ಷಡಕ್ಷರಿ, ನಿಂತಾವ ಯಾನದೆ, ಆ ಹಾಲಿನ ಸೌಟ ಬುಟ್ರೆ?" ಎಂದರು.

ಪಂಕ್ತಿ ನಕ್ಕಿತು. ಚಿಕ್ಕಪ್ಪ ಪಾಯಸದ ಕೈ ನೆಕ್ಕಿ ಮುಗಿಸಿದ. ಅದು ಮುಗಿಯುವವರೆಗೂ ಜನ ಕಾದರು.

"ಒಂದಾಮೆ ಅದೆ" ಎಂದ.

ನಗು ನಿಂತಿತು.

"ಆಮೆಯಾ?"

"ಊಂ. ಮೂರ್ ವರ್ಸ ಆಯ್ತು. ಈರೋಡಿನವ್ನು ಒಬ್ಬ ಅದುಕ್ಕೆ ಬೈಕ್ ಕೊಡ್ತೀನಿ ಅಂದ. ಕೊಡ್ಲಿಲ್ಲ."

ಅದೂ ಸುಳ್ಳಲ್ಲ. ಈರೋಡಿನ ಆಟಗಾರನೊಬ್ಬ ಮೆಲ್ಲಯ್ಯನ ಕೈಲಿ ಏಳು ಸಲ ಸೋತು ಹಾಗೆ ಬರೆದಿದ್ದ. ಆದರೆ ನಮ್ಮ ಕಡೆ ಆಮೆ ಎಂದರೆ ಬೇರೆಯೇ ಲೋಕ. ಬೆನ್ನ ಮೇಲೆ ನಕ್ಷತ್ರವಿರುವ ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ಕಾಲು ಮುರಿದುಕೊಂಡು ಅಲ್ಲೇ ಬಿದ್ದಿರುತ್ತಾಳೆ ಎಂದು ಗುಟ್ಟಾಗಿ ನಂಬುವವರಿದ್ದಾರೆ. ಅಂಥದ್ದನ್ನು ಸಾಕಿದರೆ ಜೈಲು ಎಂಬುದೂ ಎಲ್ಲರಿಗೂ ಗೊತ್ತು. ಹಾಗಾಗಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಂಕ್ತಿಯಲ್ಲಿ ಕೂತು, ಪಾಯಸ ನೆಕ್ಕುತ್ತ, ಹೀಗೆ ಹೇಳಿದ ಮೊದಲ ಮನುಷ್ಯ ನಮ್ಮ ಚಿಕ್ಕಪ್ಪ.

ಕೈ ತೊಳೆಯುವ ಜಾಗದಲ್ಲಿ ಕೊಳ್ಳೇಗಾಲದ ಶಿವಮಲ್ಲಪ್ಪ ಅವನ ಮೊಣಕೈ ಹಿಡಿದರು. ರೇಷ್ಮೆ ವ್ಯಾಪಾರದವರು, ಹೊಸ ಮನೆಗೆ ಪಾಯ ತೆಗೆಸುತ್ತಿದ್ದವರು.

"ನೋಡ್ಬೋದಾ?"

ಚಿಕ್ಕಪ್ಪ ಸಂತೋಷದಿಂದ ಜೇಬಿನಿಂದ ಫೋನು ತೆಗೆದು ತೋರಿಸಿದ. ಮೆಲ್ಲಯ್ಯ ಪರದೆ ತುಂಬ ಕೂತು ಕಣ್ಣು ಮಿಟುಕಿಸಿದ.

"ಫೋಟೋ ಚೆನ್ನಾಗದೆ. ಆಮೆ ಎಲ್ಲದೆ?"

"ಇದೇ ಸ್ವಾಮಿ ಆಮೆ. ಇಲ್ಲೇ ಇರೋದು."

ಶಿವಮಲ್ಲಪ್ಪ ಎರಡೂ ಕಡೆ ನೋಡಿ, ಕಣ್ಣು ಹೊಡೆದು, "ಗೊತ್ತಾಯ್ತು ಬುಡಿ. ಎಲ್ರ ಮುಂದೆ ಹೇಳೋ ಮಾತಲ್ಲ" ಎಂದರು.

ಇಲ್ಲಿಂದ ಮುಂದೆ ನಡೆದದ್ದಕ್ಕೆಲ್ಲ ಇದೇ ಮಾದರಿ. ಚಿಕ್ಕಪ್ಪ ಒಮ್ಮೆಯೂ ಸುಳ್ಳು ಹೇಳಲಿಲ್ಲ. ಕೇಳಿದವರಿಗೆಲ್ಲ ಫೋನು ತೆಗೆದು ತೋರಿಸಿದ. ತೋರಿಸಿದಷ್ಟೂ ಜನಕ್ಕೆ ನಂಬಿಕೆ ಬಲವಾಯಿತು. ಇಷ್ಟು ಧೈರ್ಯವಾಗಿ ಚಿತ್ರ ತೋರಿಸುವವನು ಅಸಲಿಯನ್ನು ಎಷ್ಟು ಆಳದಲ್ಲಿ ಇಟ್ಟಿರಬೇಕು! ನಾನು, "ಅಯ್ಯೋ, ಅದು ಆಟದ್ದು ಕಣ್ರೀ" ಎಂದು ಮನೆಮನೆಗೆ ಹೇಳಿದೆ. "ಭವ್ಯಶ್ರೀ ಬುಡು, ಅಜ್ಜಿ ಮೊಮ್ಮಗಳು, ಕತೆ ಕಟ್ತಾಳೆ" ಎಂದು ಕಳಿಸಿದರು. ಜೀವಮಾನವೆಲ್ಲ ಕತೆ ಹೇಳಿ ನಂಬಿಸಿದವಳು ಒಂದೇ ಒಂದು ನಿಜ ಹೇಳಹೋಗಿ ಸುಳ್ಳಿಯಾದೆ.

ಸೋಮವಾರ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಯಾರೂ ಕೂಗಲಿಲ್ಲ. ಚಿಕ್ಕಪ್ಪ ಸೌಟು ಇಳಿಸಿದ. ಜನ ನಿಂತರು. ಅವನು ಫ್ಯಾಟು ನೋಡಿದ. ಜನ ನಿಂತರು.

"ನಿಧಾನ್ವಾಗಿ ನೋಡಪ್ಪ, ಯಾನ್ ಅರ್ಜೆಂಟದೆ" ಎಂದಳು ಮಹಾಲಕ್ಷ್ಮಮ್ಮ. ಆಮೇಲೆ ತಗ್ಗಿದ ದನಿಯಲ್ಲಿ, "ಅದ್ಕೆ ನೀರು ಉಯ್ದು ತೊಳೀತೀರಲ್ಲ, ಆ ನೀರು ಒಂದು ಚೊಂಬು ಕೊಡಪ್ಪ. ನಮ್ಮ ಎಮ್ಮೆಗೆ ಕುಡುಸ್ತೀನಿ."

"ಅದ್ಕೆ ನೀರು ತಾಗ್ಬಾರ್ದಕ್ಕ. ಕೆಟ್ಟೋಯ್ತದೆ."

"ಮತ್ತೆ ತಿನ್ನಾಕೆ?"

"ಯಾನೂ ತಿನ್ನಲ್ಲ. ದಿನಾ ಒಂದ್ಗಳಿಗೆ ಕರೆಂಟ್ ಕೊಟ್ರೆ ಸಾಕು."

ಕರೆಂಟು ತಿನ್ನುವ ಆಮೆ ಎಂಬ ಸುದ್ದಿ ಹತ್ತೂವರೆಯ ಬಸ್ಸಿನಲ್ಲಿ ಹನೂರಿಗೆ ಹೋಯಿತು. ನಾಲ್ಕು ಗಂಟೆ ಬಸ್ಸಿಗೆ ಅಲ್ಲಿಂದ ಜನ ಬಂದರು. ನನಗೆ ನಾಚಿಕೆಯಾದ ವಿಷಯ ಇಷ್ಟೇ: ಚಿಕ್ಕಪ್ಪನಿಗೆ ಅದು ಹಿತವಾಗಿತ್ತು. ಎರಡು ವರ್ಷದಿಂದ ಅವನ ಜೊತೆ ಯಾರೂ ಕೂತು ಮಾತಾಡಿರಲಿಲ್ಲ. ಈಗ ಅಪರಿಚಿತರು ಜಗಲಿ ಮೇಲೆ ಕೂತು, "ಹೆಂಗದೆ ಆಮೆ?" ಎಂದು ವಿಚಾರಿಸುತ್ತಿದ್ದರು. ಅವನು ಮೆಲ್ಲಯ್ಯನ ಒಂದೊಂದು ಕಾಳಗವನ್ನೂ ಸಾವಕಾಶವಾಗಿ ವಿವರಿಸುತ್ತಿದ್ದ.

"ಒಡುದ್ರೂ ಸಾಯಲ್ವಾ?"

"ಸುಟ್ರೂ ಸಾಯಲ್ಲ."

ಬಂದವರು ಒಬ್ಬರನ್ನೊಬ್ಬರು ನೋಡಿಕೊಂಡು ಕೈ ಮುಗಿದು ಹೋಗುತ್ತಿದ್ದರು.

ಕೆಡಿಸಿದ್ದು ಅಜ್ಜಿ. ಒಂದು ಮಧ್ಯಾಹ್ನ ಚಿಕ್ಕಪ್ಪ ಡೈರಿಯಲ್ಲಿದ್ದಾಗ ಮಹಾಲಕ್ಷ್ಮಮ್ಮ ಅವರೆಕಾಯಿ ಸುಲಿಯುವ ನೆಪದಲ್ಲಿ ಬಂದು ಅಜ್ಜಿಯ ಪಕ್ಕ ಕೂತಳು. "ನಿಜ ಹೇಳು ಅತ್ತೆ, ಎಲ್ ಮಡಗಿದಾನೆ?"

ಅಜ್ಜಿಗೆ ಫೋನಿನ ಲೋಕ ತಿಳಿಯದು. ಅವಳಿಗೆ ತಿಳಿದ ಲೋಕದಲ್ಲಿ ಆಮೆ, ಸೊಸೆ, ಮಾದಪ್ಪ ಎಲ್ಲರೂ ಒಂದೇ ಊರಿನವರು. ಕಾಯಿ ಸುಲಿಯುತ್ತಲೇ, "ಅದು ನನ್ನ ಸೊಸೇದು ಕನ. ಅವ್ಳು ಹಿಡುದ್ಲು, ಅವ್ಳು ಹೆಸರ ಕಟ್ಟುದ್ಲು. ಅವ್ಳ ಜೊತೇಲೇ ಅದೆ" ಎಂದಳು.

ಮಹಾಲಕ್ಷ್ಮಮ್ಮನ ಕೈಯ ಅವರೆಕಾಯಿ ಅಲ್ಲೇ ನಿಂತಿತು.

ಎರಡು ದಿನ ಕಳೆದು, ಬೆಳಿಗ್ಗೆ ಡೈರಿಗೆ ಹೋಗುವ ಮುಂಚೆ ಚಿಕ್ಕಪ್ಪ ಎಂದಿನಂತೆ ಹೊಲದ ಕಡೆ ಹೋದ. ನಾನೂ ಹುಣಸೆ ಆಯಲು ಹಿಂದೆ ಹೋಗಿದ್ದೆ. ಗದ್ದುಗೆಯ ಒಂದು ಮೂಲೆಯಲ್ಲಿ ಮೊಣಕೈ ಆಳದ ಗುಂಡಿ ಇತ್ತು. ಚಿಕ್ಕಪ್ಪ ನೆಟ್ಟಿದ್ದ ಕಣಗಿಲೆ ಗಿಡ ಬೇರು ಮೇಲಾಗಿ ಬಿದ್ದಿತ್ತು. ಪಕ್ಕದಲ್ಲಿ ಅಗೆದವರು ಕುಡಿದು ಬಿಟ್ಟುಹೋದ ಟೀ ಲೋಟ, ಕಾಗದದ್ದು.

ಚಿಕ್ಕಪ್ಪ ಕೂತ. ಕೈಯಿಂದ ಮಣ್ಣು ಎಳೆದು ಎಳೆದು ತುಂಬಿದ. ಗಿಡವನ್ನು ಅಲ್ಲೇ ಊರಿ ಬುಡ ಒತ್ತಿದ. ಅವನು ಡೈರಿಗೆ ಹೋಗುವಷ್ಟರಲ್ಲಿ ಅಂದು ನಿಜವಾಗಿಯೂ ಹಾಲು ಒಡೆದಿತ್ತು. ಮಹಾಲಕ್ಷ್ಮಮ್ಮ ತನ್ನ ಒಡೆದ ಹಾಲನ್ನು ಎತ್ತಿಕೊಂಡು ತಲೆ ತಗ್ಗಿಸಿ ಮನೆಗೆ ಹೋದಳು.

ಅಂದೇ ಮಧ್ಯಾಹ್ನ ಮೂರಕ್ಕೆ ಜೀಪು ಬಂದದ್ದು. ಯಾರೋ ಪುಣ್ಯಾತ್ಮರು ಇಲಾಖೆಗೆ ಫೋನು ಮಾಡಿ ದೂರು ಬರೆಸಿದ್ದರು. ಫಾರೆಸ್ಟರ್ ರಂಗಸ್ವಾಮಿ ಅವರು ಸುಸ್ತಾದ ಮನುಷ್ಯ; ಹಿಂದಿನ ರಾತ್ರಿಯೆಲ್ಲ ಜೋಳದ ಹೊಲದಿಂದ ಆನೆ ಓಡಿಸಿ ಬಂದಿದ್ದರು. ಜೊತೆಯಲ್ಲಿ ಗಾರ್ಡ್ ಮಾದೇಶ. ಮನೆಯಲ್ಲಿ ಚಿಕ್ಕಪ್ಪ ಸಿಗದೆ ಜೀಪು ಡೈರಿಗೆ ತಿರುಗಿದ್ದೇ ಊರು ಅದರ ಮುಂದೆ ಸೇರಿತು. ಆಮೆ ಕೇಳಲು ಅಂದೇ ಕೊಳ್ಳೇಗಾಲದಿಂದ ಬಂದಿದ್ದ ಶಿವಮಲ್ಲಪ್ಪನವರೂ ಗುಂಪಿನ ಹಿಂದೆ ನಿಂತಿದ್ದರು.

ಡೈರಿ ಮೇಜಿನ ಮೇಲೆ ಕಾಗದ ಹರಡಿ ರಂಗಸ್ವಾಮಿ ಕೇಳಿದರು: "ಆಮೆ ಇದೆಯಾ?"

"ಅದೆ ಸಾ."

ಗುಂಪು ಉಸಿರು ಬಿಟ್ಟಿತು. ಇಷ್ಟು ಸಲೀಸಾಗಿ ಒಪ್ಪಿದ ಅಪರಾಧಿಯನ್ನು ರಂಗಸ್ವಾಮಿಯವರು ಕಂಡಿರಲಿಲ್ಲ.

"ಎಲ್ಲಿ ಹಿಡಿದೆ?"

"ನಾನಲ್ಲ ಸಾ, ನನ್ನೆಂಡ್ತಿ. ಒಡೆಯರಪಾಳ್ಯದಲ್ಲಿ, ಜೋಳದ ಹೊಲದ ಪಕ್ಕ."

"ಬಲೆ ಹಾಕಿದ್ದಾ?"

"ಎರಡು ಬಲೆ ದಂಡ ಆಯ್ತು ಸಾ. ಮೂರನೇದುಕ್ಕೆ ಬಿತ್ತು."

ಪೆನ್ನು ಓಡಿತು. "ಬೇರೆ ಪ್ರಾಣಿ ಏನಾದ್ರೂ?"

"ಒಂದು ಬೆಂಕಿ ನರಿ ಅದೆ. ಎಲ್ಡು ತಲೆ ಗಿಡುಗ ಒಂದು. ಕೊಂಬಿನ ಮೀನು ಮೂರು."

ಪೆನ್ನು ನಿಂತಿತು. ರಂಗಸ್ವಾಮಿ ಮೆಲ್ಲಗೆ ತಲೆ ಎತ್ತಿದರು. ಚಿಕ್ಕಪ್ಪ ಫೋನು ತೆಗೆದು ಮೇಜಿನ ಮೇಲೆ ಇಟ್ಟ. ಮೆಲ್ಲಯ್ಯ ಇಲಾಖೆಯನ್ನು ನೋಡಿ ಕಣ್ಣು ಮಿಟುಕಿಸಿದ.

ಅವರಿಗಿಂತ ಮೊದಲು ಬಗ್ಗಿ ನೋಡಿದವನು ಮಾದೇಶ. ಅವನ ಮುಖ ಕೆಂಪಾಯಿತು. "ಸಾ! ಇದೇ ಸಾ ಆ ಆಮೆ! ನನ್ನ ಸಿಡ್ಲು ಚಿರತೇನ ಮೂರ್ಸಲ ಸಾಯಿಸ್ತು. ಲೇ, ಮೆಲ್ಲಯ್ಯ ಅಂದ್ರೆ ನೀನೇನಲಾ? ಆವತ್ತು ನಾನು ಊಟಕ್ ಎದ್ದಿದ್ದು, ಸೋತಿದ್ದಲ್ಲ ಕಣ್ಲಾ!"

"ಎದ್ದವ್ನು ಸೋತಂಗೆ ಅಲ್ವಾ" ಎಂದ ಚಿಕ್ಕಪ್ಪ.

"ಮಾದೇಶ, ಇದು ಆಟದ ಆಮೆ ಅಂತೀಯಾ?" ರಂಗಸ್ವಾಮಿ ಕಣ್ಣುಜ್ಜಿಕೊಂಡರು. "ಹಾಗಾದ್ರೆ ಆಮೆ ಇಲ್ಲ ಅಂತ ಬರೆದು ಹೋಗೋಣ."

ಆಗ ಗುಂಪಿನ ಹಿಂದಿನಿಂದ ಶಿವಮಲ್ಲಪ್ಪ, "ಇಲ್ಲ ಅಂತ ಬರುದ್ರೆ ಯಾರ್ ಸ್ವಾಮಿ ನಂಬ್ತಾರೆ? ಸಾಹೇಬ್ರ ಕೈ ಬಿಸಿ ಮಾಡ್ದ ಅಂತಾರೆ" ಎಂದರು.

ಮಹಾಲಕ್ಷ್ಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಲ್ಲ ಅಂದ್ರೆ ಇನ್ನೂ ಆಳುಕ್ಕೆ ಅಗೀತಾರೆ ಸಾ."

ಯಾರೂ ಅವಳ ಮುಖ ನೋಡಲಿಲ್ಲ. ಎಲ್ಲರೂ ಚಿಕ್ಕಪ್ಪನ ಉಗುರಿನ ಸಂದಿಯ ಮಣ್ಣನ್ನು ನೋಡಿದರು.

ರಂಗಸ್ವಾಮಿಯವರಿಗೆ ಗುಂಡಿಯ ವಿಷಯ ಹೇಳಿದವಳು ನಾನು. ಅವರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ತಮಗೇ ಹೇಳಿಕೊಳ್ಳುವಂತೆ, "ಹಿಡಿದದ್ದನ್ನ ಪಂಚರ ಮುಂದೆ ಕಾಡಿಗೆ ಬಿಟ್ಟರೆ ಫೈಲು ಮುಗೀತದೆ. ಆದರೆ ಇದನ್ನ ಎಲ್ಲಿಗಪ್ಪ ಬಿಡೋದು" ಎಂದರು.

"ಅದ್ಕೂ ಬಟನ್ ಅದೆ ಸಾ" ಎಂದ ಮಾದೇಶ.

ಒತ್ತಿ ತೋರಿಸಿದ. ಆ ಆಟದಲ್ಲಿ ಕನ್ನಡವೂ ಇದೆ, ಯಂತ್ರ ಬರೆದ ಕನ್ನಡ. ಪರದೆಯ ಮೇಲೆ ಹೀಗೆ ಬಂತು: "ನೀವು ನಿಮ್ಮ ಮೃಗವನ್ನು ಕಾಡಿನ ಒಳಗೆ ಬಿಡುಗಡೆ ಮಾಡುವುದು ಖಚಿತವೇ? ಮೃಗವು ಮರಳಿ ಎಂದಿಗೂ ಆಗುವುದಿಲ್ಲ." ಕೆಳಗೆ ಎರಡು ಚೌಕ. ಹೌದು. ಇಲ್ಲ.

ಚಿಕ್ಕಪ್ಪ ಅದನ್ನು ಓದಿದ. ಮತ್ತೆ ಓದಿದ. "ಸಾ, ಎಲ್ಲಾರ್ಗೂ ಕಾಣೋ ಹಂಗೆ ಬುಟ್ರೆ... ಆ ಕಡೀಕೆ ಆಮೇಲೆ ಯಾರೂ ಓಗಲ್ವಾ?"

"ಸೀಲ್ ಹಾಕಿ ಇದೇ ಡೈರಿ ಗೋಡೆಗೆ ಅಂಟಿಸ್ತೀನಿ. ಆಮೆ ಕಾಡಿಗೆ ಹೋಯ್ತು ಅಂತ."

"ಲೇ ಷಡಕ್ಷರಿ" ಎಂದ ಮಾದೇಶ, ದನಿ ಇಳಿಸಿ. "ನಾಲ್ಕುನೂರು ಗೆದ್ದಿರೋ ಆಮೆ ಕಣ್ಲಾ. ಯೋಚ್ನೆ ಮಾಡು."

ಚಿಕ್ಕಪ್ಪ "ಹೌದು" ಒತ್ತಿದ. ಅವನು ಅಷ್ಟು ಬೇಗ ಯಾವ ಕೆಲಸ ಮಾಡಿದ್ದನ್ನೂ ನಾನು ನೋಡಿರಲಿಲ್ಲ.

ಪರದೆಯಲ್ಲಿ ಒಂದು ಬಯಲು ತೆರೆಯಿತು. ಬಯಲಿನ ಆಚೆ ಕಾಡು. ಮಾದೇಶ ಹೇಳಿದಂತೆ, ಚಿರತೆಯಾದರೆ ಎರಡು ನೆಗೆತಕ್ಕೆ ಮಾಯ. ಗಿಡುಗವಾದರೆ ಕಣ್ಣು ಮಿಟುಕಿಸುವುದರೊಳಗೆ. ಮೆಲ್ಲಯ್ಯ ಒಂದು ಕಾಲು ಎತ್ತಿದ. ಇಟ್ಟ. ಇನ್ನೊಂದು ಎತ್ತುವ ಮುಂಚೆ ಆಲೋಚಿಸಿದ. ಅವನ ವೇಗ ನೂರಕ್ಕೆ ನಾಲ್ಕು.

ಪಂಚರಾಗಿ ಸಹಿ ಹಾಕಬೇಕಿದ್ದ ಶಿವಮಲ್ಲಪ್ಪ ಮತ್ತು ಮಹಾಲಕ್ಷ್ಮಮ್ಮ ಮುಂದೆ ನಿಂತಿದ್ದರು. ಹತ್ತು ನಿಮಿಷಕ್ಕೆ ಕಾಲು ನೋವು ಬಂದು ಕೂತರು. ಊರೂ ಕೂತಿತು. ಫೋನನ್ನು ಹಾಲಿನ ಕ್ಯಾನಿಗೆ ಆನಿಸಿ ನಿಲ್ಲಿಸಿದರು. ಮೆಲ್ಲಯ್ಯ ನಡೆದ. ಬೆನ್ನ ಮೇಲಿನ ಪುಟ್ಟ ಗಿಡ ಆಚೆ ಈಚೆ ತೂಗಿತು. ಇಪ್ಪತ್ತು ನಿಮಿಷ. ಸಾವಿನ ಮನೆಯ ಮುಂದೆ ಕೂತಂತೆ ಎಲ್ಲರೂ ದನಿ ಇಳಿಸಿ ಮಾತಾಡತೊಡಗಿದರು. "ಶಿವರತ್ನಮ್ಮ ರೊಟ್ಟಿ ತಟ್ಟುದ್ರೆ ಕಾಗದ ಇದ್ದಂಗಿರದು" ಎಂದರು ಯಾರೋ. "ನಗೋಳು ಕನ ಚೆನ್ನಾಗಿ." ಎರಡು ವರ್ಷದ ಮೇಲೆ ಅವಳ ಮಾತು ಬಂದದ್ದು ಆಗಲೇ. ಮಹಾಲಕ್ಷ್ಮಮ್ಮ ಅತ್ತೇಬಿಟ್ಟಳು. "ನಾನೇ ಕನಪ್ಪ ಬಾಯ್ಬುಟ್ಟಿದ್ದು. ಅಗುದವ್ರು ಯಾರೋ ಕಾಣೆ, ಬಾಯ್ಬುಟ್ಟಿದ್ದು ನಾನು." ಶಿವಮಲ್ಲಪ್ಪ ತಮ್ಮ ಚಪ್ಪಲಿ ನೋಡಿಕೊಂಡರು. ಚಿಕ್ಕಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಸಂಜೆಯ ಹಾಲು ಬಂತು. ಕ್ಯಾನುಗಳು ಸಾಲು ನಿಂತವು. ಕಾಡಿಗೆ ಇನ್ನು ಒಂದು ಬೆರಳಿನಷ್ಟು ದೂರ ಇತ್ತು.

ಆಗ ಸಿಗ್ನಲ್ ಹೋಯಿತು. ನಮ್ಮೂರಿನಲ್ಲಿ ಅದು ಹೋಗುವುದು ಬರುವುದು ಗಾಳಿಯ ಇಷ್ಟ. ಪರದೆಯ ಮಧ್ಯೆ ಒಂದು ಚಕ್ರ ಸುತ್ತತೊಡಗಿತು. ಅದರ ಹಿಂದೆ ಮೆಲ್ಲಯ್ಯ ಒಂದು ಕಾಲು ಎತ್ತಿ ಹಾಗೆಯೇ ನಿಂತ.

"ಹೋಯ್ತಾ?" ಎಂದರು ರಂಗಸ್ವಾಮಿ.

"ಇಲ್ಲ ಸಾ, ಮಧ್ಯದಲ್ಲಿ ನಿಂತದೆ. ತಿರ್ಗಾ ಯಾವಾಗ ಆಟ ತೆಗುದ್ರೂ ಇಲ್ಲಿಂದ್ಲೇ ಮುಂದುಕ್ ನಡೀತದೆ" ಎಂದ ಮಾದೇಶ. ಎಂದವನು ಚಿಕ್ಕಪ್ಪನ ಮುಖ ನೋಡಿ, ಗೋಡೆ ಕಡೆ ತಿರುಗಿಕೊಂಡ.

ರಂಗಸ್ವಾಮಿಯವರು ಪರದೆ ನೋಡಿದರು. ಚಿಕ್ಕಪ್ಪನನ್ನು ನೋಡಿದರು. ಆನೆಯ ಹಿಂದೆ ರಾತ್ರಿಯೆಲ್ಲ ಓಡಿದ ಆ ಮನುಷ್ಯ ಮತ್ತೆ ಪೆನ್ನು ತೆಗೆದು ಬರೆದರು: "ಸದರಿ ಆಮೆಯು ಕಾಡಿನ ದಿಕ್ಕಿಗೆ ಮುಖ ಮಾಡಿ, ಯಾರ ಒತ್ತಾಯವೂ ಇಲ್ಲದೆ, ತನ್ನ ಗತಿಯಲ್ಲಿ ಚಲಿಸುತ್ತಿದ್ದುದನ್ನು ಪಂಚರ ಸಮಕ್ಷಮ ಕಂಡಿರುತ್ತೇವೆ." ಪಂಚರು ಸಹಿ ಹಾಕಿದರು. ಸೀಲು ಬಿತ್ತು. ಕಾಗದ ಡೈರಿ ಗೋಡೆ ಏರಿತು. ಚಿಕ್ಕಪ್ಪ ಫೋನು ಆರಿಸಿದ.

ಈಗ ಆ ಫೋನು ಚಿಕ್ಕಮ್ಮನ ಟ್ರಂಕಿನಲ್ಲಿ ಅವಳ ಸ್ವೆಟರಿನ ಮಡಿಕೆಯಲ್ಲಿದೆ. ಚಿಕ್ಕಪ್ಪನ ಜೇಬಿನಲ್ಲಿ ಬಟನ್ನಿನ ಹಳೇ ಫೋನು. ಗದ್ದುಗೆಯ ಕಡೆ ಯಾರೂ ಹೋಗುವುದಿಲ್ಲ. ಕಣಗಿಲೆ ಬದುಕಲಿಲ್ಲ, ಇನ್ನೊಂದು ನೆಟ್ಟಿದ್ದೇವೆ. ಡೈರಿಯ ಸಾಲು ಮೊದಲಿನಂತೆ ಕೂಗುತ್ತದೆ. ಮಹಾಲಕ್ಷ್ಮಮ್ಮ ಒಬ್ಬಳು ಕೂಗುವುದಿಲ್ಲ. ಕೂಗುವವರನ್ನು ಅವಳೇ ಬಯ್ಯುತ್ತಾಳೆ.

ಸಂಜೆ ಚಿಕ್ಕಪ್ಪ ಡೈರಿಯಿಂದ ಬಂದು ಕಾಲು ತೊಳೆದು ಜಗಲಿ ಮೇಲೆ ಕೂತರೆ, ಅಜ್ಜಿ ಎಲೆಅಡಿಕೆ ಕುಟ್ಟುತ್ತ ದಿನವೂ ಒಂದೇ ಮಾತು ಕೇಳುತ್ತಾಳೆ.

"ಯಾನ್ಲಾ, ತಲುಪ್ತಾ ನಿನ್ನಾಮೆ?"

"ಇಲ್ಲ ಕನವ್ವ" ಎನ್ನುತ್ತಾನೆ ಚಿಕ್ಕಪ್ಪ. "ಅದೆಷ್ಟು ನಿಧಾನ ಅಂತ ನಿಂಗೊತ್ತಲ್ಲ."